ಬಚ್ಚಲ ಕಮಾಂಡೋ

ಬಟನ್ ಚಾಕು ನೀರಿನೊಳಗೆ ತೆರೆದುಕೊಳ್ಳುತ್ತದೆಯೇ? ಅಮೆರಿಕದ ಚಾಕುಪ್ರೇಮಿಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ನೂರಾರು ಡಾಲರ್ ಸುರಿದು ತಂದ ಚಾಕುವನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಅಂಗಿಯ ತೋಳನ್ನು ಮೊಣಕೈ ದಾಟಿಸಿ, ಗುಂಡಿ ಒತ್ತಿ, ಅಲಗು ಬಂತೋ ಇಲ್ಲವೋ ಎಂದು ಬಗ್ಗಿ ನೋಡುವ ಗಂಡಸರ ಒಂದು ಪಂಥವೇ ಅಲ್ಲಿದೆ. ಬಕೆಟ್ಟಿನಲ್ಲಿ ಗೆದ್ದವರಿಗೆ ಸ್ನಾನದ ತೊಟ್ಟಿಗೆ ಬಡ್ತಿ. ಅಲ್ಲಿಂದ ಈಜುಕೊಳ. ಕೊನೆಗೆ, ರಜೆಯೂ ಹೆಂಡತಿಯ ಒಪ್ಪಿಗೆಯೂ ಒಟ್ಟಿಗೆ ಸಿಕ್ಕ ಅಪರೂಪದ ವರ್ಷದಲ್ಲಿ, ಸಮುದ್ರ.

ಪ್ರಯೋಗದ ಬೆನ್ನಿಗೆ ಒಂದು ಕಥೆಯೂ ಇರಬೇಕು. ಕಥೆ ಎಲ್ಲರದೂ ಹೆಚ್ಚುಕಡಿಮೆ ಒಂದೇ. ನಾಯಕ ಸಮುದ್ರದ ತಳದಲ್ಲಿದ್ದಾನೆ. ಅವನ ಒಂದು ಕೈ ಬಲೆಗೆ ಸಿಕ್ಕಿದೆ, ಇಲ್ಲವೇ ಶತ್ರುವೊಬ್ಬ ತಿರುಚಿ ಹಿಡಿದಿದ್ದಾನೆ, ಇಲ್ಲವೇ ಶಾರ್ಕ್ ಕಚ್ಚಿದೆ. ಮೂರೂ ಒಟ್ಟಿಗೇ ಆಗಿದ್ದರೂ ಕಥೆಗೆ ಅಡ್ಡಿಯಿಲ್ಲ. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಿದೆ. ಮಿಕ್ಕ ಒಂದೇ ಕೈಯಲ್ಲಿ ಚಾಕು ತೆರೆಯಬೇಕು. ಎರಡು ಕೈ ಬೇಡುವ ಚಾಕು ಇಟ್ಟುಕೊಂಡವನು ಅಲ್ಲೇ ಸತ್ತ. ಬಟನ್ ಚಾಕು ಇದ್ದವನು ಗುಂಡಿ ಒತ್ತಿದ, ಬಲೆ ಕತ್ತರಿಸಿದ, ಶತ್ರುವನ್ನು ಮುಗಿಸಿದ, ಶಾರ್ಕಿಗೆ ಬುದ್ಧಿ ಕಲಿಸಿದ, ಮೇಲೆ ಬಂದು ಬರ್ಗರ್ ತಿಂದ. ಈ ಕಥೆಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಎತ್ತಬಾರದು. ನೀರಿಗಿಳಿಯುವಾಗ ಮಡಚುವ ಚಾಕುವನ್ನೇ ಯಾಕಯ್ಯ ಒಯ್ದೆ? ಒರೆಯಲ್ಲಿ ಕೂತ ಮಡಚದ ಚಾಕುವಿಗೆ ತೆರೆಯುವ ತಾಪತ್ರಯವೇ ಇಲ್ಲವಲ್ಲ? ಎತ್ತಿದರೆ ಕಥೆ ಮುಗಿಯಿತು, ಸ್ಪ್ರಿಂಗಿನ ಕೆಲಸ ಹೋಯಿತು.

ಪ್ರಯೋಗವೇ ಪೊಳ್ಳು ಅನ್ನುವಂತಿಲ್ಲ. ಅದರ ಭೌತಶಾಸ್ತ್ರ ಸ್ವಾರಸ್ಯವಾಗಿದೆ, ಪ್ರಯೋಗ ಮಾಡುವವರಿಗಿಂತ ಎಷ್ಟೋ ಪಾಲು ಹೆಚ್ಚು. ಬಟನ್ ಚಾಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಹಿಡಿಯ ಪಕ್ಕದಿಂದ ಸುತ್ತಿ ತೆರೆದುಕೊಳ್ಳುವುದು. ಅದರ ಸ್ಪ್ರಿಂಗು ಅಲಗು ಪೂರ್ತಿ ಬಿಚ್ಚಿ ಚಿಲಕ ಬೀಳುವವರೆಗೂ ಬೆನ್ನು ಬಿಡದೆ ನೂಕುತ್ತದೆ. ಅಲಗು ನೀರನ್ನು ಸೀಳುವುದೂ ತನ್ನ ತೆಳ್ಳನೆಯ ಬೆನ್ನಿನಿಂದ. ಹಾಗಾಗಿ ನೀರಿನಲ್ಲಿ ಕೊಂಚ ಸೋಮಾರಿಯಾದರೂ ಕೆಲಸ ಕೆಡಿಸುವುದಿಲ್ಲ.

ಎರಡನೆಯದು ಹಿಡಿಯ ಮೂತಿಯಿಂದ ನೆಟ್ಟಗೆ ಮುಂದಕ್ಕೆ ಚಿಮ್ಮುವುದು. ಗುಂಡಿಯನ್ನು ಮುಂದೆ ನೂಕಿದರೆ ಹೊರಗೆ, ಹಿಂದೆ ಎಳೆದರೆ ಒಳಗೆ. ಪ್ರೇಮಿಗಳ ಪ್ರಾಣ ಇರುವುದು ಇದರಲ್ಲಿ, ಅದರ ‘ಖಟಕ್’ ಸದ್ದಿನಲ್ಲಿ. ಆದರೆ ಇದರ ಹೊಟ್ಟೆಯೊಳಗೆ ಒಂದು ಗುಟ್ಟಿದೆ. ಸ್ಪ್ರಿಂಗು ಅಲಗನ್ನು ಕೊನೆಯವರೆಗೂ ಕಳಿಸಿಕೊಡುವುದಿಲ್ಲ. ಹೆಬ್ಬೆರಳು ಗುಂಡಿಯನ್ನು ನೂಕುವಾಗ ಸ್ಪ್ರಿಂಗು ಬಿಗಿಯುತ್ತದೆ, ಒಂದು ಹಂತದಲ್ಲಿ ಕೊಕ್ಕೆ ಕಳಚುತ್ತದೆ, ಅಲಗಿಗೆ ಹಿಂದಿನಿಂದ ಒಂದು ಒದೆತ ಬೀಳುತ್ತದೆ. ಮುಂದಿನ ದಾರಿಯನ್ನು ಅದು ಆ ಒದೆತದ ರಭಸದಲ್ಲೇ ಸವೆಸಬೇಕು. ನಡುವೆ ಜೇಬಿನ ನೂಲಿನ ಎಳೆಯೋ ಚಿಟಿಕೆ ಮರಳೋ ಅಡ್ಡ ಬಂದರೆ ಸಾಕು, ಅಲಗು ಅರ್ಧದಲ್ಲೇ ನಿಂತು, ಚಿಲಕ ಬೀಳದೆ, ಒಳಗೂ ಇಲ್ಲದೆ ಹೊರಗೂ ಇಲ್ಲದೆ ತ್ರಿಶಂಕುವಾಗುತ್ತದೆ. ನೀರಾದರೋ ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ. ಸಾಲದ್ದಕ್ಕೆ ಹಿಡಿ ಎಂಬುದೇ ಒಂದು ಇಕ್ಕಟ್ಟಾದ ಪೆಟ್ಟಿಗೆ. ಅಲಗು ಹೊರಟರೆ ಆ ಜಾಗಕ್ಕೆ ನೀರು ನುಗ್ಗಬೇಕು, ಮರಳಿದರೆ ಅದೇ ನೀರು ಪಿಚಕಾರಿಯಿಂದ ಹಾರಿದಂತೆ ಹೊರಹಾರಬೇಕು. ಇಷ್ಟೆಲ್ಲ ರಗಳೆಯಲ್ಲಿ ಆ ಒಂದು ಒದೆತ ಸಾಕಾಗದೇ ಹೋಗಬಹುದು.

ಸಾಕಾಗದಿದ್ದರೆ ಏನು ಮಾಡಬೇಕು? ಅಲಗನ್ನು ಬೆರಳಲ್ಲಿ ಹಿಡಿದು ಎಳೆದು ಮತ್ತೆ ಜಾಗಕ್ಕೆ ಕೂರಿಸಬೇಕು. ಅದಕ್ಕೆ ಎರಡನೆಯ ಕೈ ಬೇಕು. ಎರಡನೆಯ ಕೈ ಶಾರ್ಕಿನ ವಶದಲ್ಲಿದೆ.

ಬಕೆಟ್ಟಿನ ವಿಜ್ಞಾನಿಗೆ ಈ ತಲೆನೋವಿಲ್ಲ. ಅವನು ಚಾಕು ಮುಳುಗಿಸಿದ ಮರುಗಳಿಗೆಯಲ್ಲೇ ಗುಂಡಿ ಒತ್ತುತ್ತಾನೆ. ಪೆಟ್ಟಿಗೆಯೊಳಗೆ ಇನ್ನೂ ಗಾಳಿ ಉಳಿದಿರುತ್ತದೆ, ಅಲಗು ಸಲೀಸಾಗಿ ಬರುತ್ತದೆ. ಗುಳ್ಳೆಗಳೆಲ್ಲ ಹೊರಬಂದು ಒಳಗೆ ಮೂಲೆಮೂಲೆಗೂ ನೀರು ತುಂಬಿದ ಮೇಲೆ ಒತ್ತುವುದಲ್ಲವೇ ಪರೀಕ್ಷೆ? ಅಷ್ಟು ಹೊತ್ತಿಗೆ ಚಾಕು ಹೊರಗೆ ಬಂದು, ಟವೆಲಿನಲ್ಲಿ ಮೈ ಒರೆಸಿಕೊಂಡು, ‘ನೀರಿನಲ್ಲೂ ನಂಬಬಹುದು’ ಎಂಬ ಬಿರುದು ಧರಿಸಿ ಆಗಿರುತ್ತದೆ.

ಇನ್ನು ಆಳದ ವಿಚಾರ. ತೊಟ್ಟಿಯಲ್ಲಿ ಗೆದ್ದ ಚಾಕುವನ್ನು 30 ಮೀಟರ್ ಆಳಕ್ಕೆ ಒಯ್ದು ಒತ್ತಿ ನೋಡಿದವನ ಮುಖದಲ್ಲಿ ಚಂದ್ರನ ಮೇಲೆ ಕಾಲಿಟ್ಟವನ ಕಳೆ ಇರುತ್ತದೆ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುವುದು ನಿಜ. ಆದರೆ ನೀರು ತುಂಬಿಕೊಂಡ ಚಾಕುವಿಗೆ ಒಳಗೂ ಅದೇ ಒತ್ತಡ, ಹೊರಗೂ ಅದೇ. ಜಜ್ಜಿಹೋಗಲು ಅದರೊಳಗೆ ಮೊಹರು ಹಾಕಿಟ್ಟ ಗಾಳಿಯಿಲ್ಲ. ನೀರಿನ ಸಾಂದ್ರತೆಯೂ ಆ ಆಳದಲ್ಲಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ತೊಟ್ಟಿಯಲ್ಲಿ ತೆರೆದದ್ದು ಅಲ್ಲೂ ತೆರೆಯುತ್ತದೆ, ತೊಟ್ಟಿಯಲ್ಲಿ ಸಿಕ್ಕಿಕೊಂಡದ್ದು ಅಲ್ಲೂ ಸಿಕ್ಕಿಕೊಳ್ಳುತ್ತದೆ. ಅಷ್ಟು ದೂರ ಹೋಗಿ ಅವನು ಸಾಬೀತು ಮಾಡಿದ್ದು ತನ್ನ ಕ್ರೆಡಿಟ್ ಕಾರ್ಡಿನ ತಾಳಿಕೆಯನ್ನು. ಆಳದಲ್ಲಿ ಬದಲಾಗುವುದು ಮನುಷ್ಯ. ಚಳಿಗೆ ಮರಗಟ್ಟಿದ ಹೆಬ್ಬೆರಳು, ಅದರ ಮೇಲೆ ದಪ್ಪನೆಯ ನಿಯೋಪ್ರೀನ್ ಕೈಗವಸು, ಎದೆಯಲ್ಲಿ ಗಾಬರಿ. ಗಟ್ಟಿ ಸ್ಪ್ರಿಂಗಿನ ಸಣ್ಣ ಗುಂಡಿ ಎಲ್ಲಿದೆಯೆಂದೇ ಆ ಬೆರಳಿಗೆ ತಿಳಿಯುವುದಿಲ್ಲ. ಹೀಗಾಗಿ ಪರೀಕ್ಷಿಸಬೇಕಾದದ್ದು ಹೆಬ್ಬೆರಳನ್ನು. ಆದರೆ ಹೆಬ್ಬೆರಳು ಯಾರ ಅಂಗಡಿಯಲ್ಲೂ ಹೊಸ ಮಾದರಿಯಲ್ಲಿ ಬರುವುದಿಲ್ಲವಾದ್ದರಿಂದ ಅದರ ಪರೀಕ್ಷೆಯಲ್ಲಿ ಯಾರಿಗೂ ಆಸಕ್ತಿಯಿಲ್ಲ.

ಕ್ಯಾಲಿಫೋರ್ನಿಯಾದ ಪರೀಕ್ಷಕರಿಗೆ ಇನ್ನೊಂದು ಸಂಕಟವಿದೆ. ಅಲ್ಲಿ 2 ಇಂಚು ಅಥವಾ ಅದಕ್ಕಿಂತ ಉದ್ದದ ಅಲಗಿನ ಬಟನ್ ಚಾಕುವನ್ನು ಜೇಬಿನಲ್ಲಿಟ್ಟು ತಿರುಗುವಂತಿಲ್ಲ. ಕಂಪನಿಗಳು ಅದಕ್ಕೆಂದೇ 1.9 ಇಂಚಿನ ಅಲಗು ಕೂರಿಸಿ ಮಾರುತ್ತವೆ. ಸೇಬು ಹೆಚ್ಚಲೂ ಮೀನಮೇಷ ಎಣಿಸಬೇಕಾದ ಈ ಆಯುಧವನ್ನು ಹಿಡಿದು ಸಮುದ್ರಕ್ಕಿಳಿದರೆ ಬೆಳಕಿನ ವಕ್ರೀಭವನ ಕೈಕೊಡುತ್ತದೆ. ಮುಖಕ್ಕೆ ಕಟ್ಟಿದ ಚಪ್ಪಟೆ ಗಾಜಿನಿಂದ ನೋಡುವಾಗ ನೀರಿನಲ್ಲಿರುವ ವಸ್ತು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. 1.9 ಇಂಚು ಎರಡೂವರೆ ಇಂಚಾಗುತ್ತದೆ. ಪೊಲೀಸ್ ಮುಳುಗುಗಾರನೊಬ್ಬ ಎದುರಾದರೆ ದೇವರೇ ಗತಿ.

ಹಾಗೆ ನೋಡಿದರೆ ಈ ವಿಷಯದಲ್ಲಿ ಚಾಕುಪ್ರೇಮಿಗಿಂತ ದೊಡ್ಡ ಹಾಸ್ಯಗಾರ ಅಮೆರಿಕದ ಕಾನೂನೇ. 1950ರಲ್ಲಿ ‘ವುಮನ್ಸ್ ಹೋಮ್ ಕಂಪ್ಯಾನಿಯನ್’ ಎಂಬ ಗೃಹಿಣಿಯರ ಪತ್ರಿಕೆ ಬಟನ್ ಚಾಕುವನ್ನು ‘ಕೊಲ್ಲುವ ಆಟಿಕೆ’ ಎಂದು ಕರೆದು ಲೇಖನವೊಂದನ್ನು ಅಚ್ಚುಹಾಕಿತು. ದೇಶದ ತಾಯಂದಿರು ಬೆಚ್ಚಿಬಿದ್ದರು. ಉಳಿದದ್ದನ್ನು ಹಾಲಿವುಡ್ ನೋಡಿಕೊಂಡಿತು. 1955ರ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರದಲ್ಲಿ ಜೇಮ್ಸ್ ಡೀನ್ ಚಾಕು ಹಿಡಿದು ಕಾದಾಡಿದ. 1957ರ ‘12 ಆ್ಯಂಗ್ರಿ ಮೆನ್’ನಲ್ಲಿ ಹೆನ್ರಿ ಫೊಂಡಾ ಜ್ಯೂರಿಗಳ ಮೇಜಿಗೆ ಚಾಕು ನೆಟ್ಟ. 1958ರ ಆಗಸ್ಟಿನಲ್ಲಿ ಸಂಸತ್ತು ಬಟನ್ ಚಾಕುಗಳ ಅಂತರರಾಜ್ಯ ವ್ಯಾಪಾರವನ್ನೇ ನಿಷೇಧಿಸಿತು. ಅಡುಗೆಮನೆಯ ಒಂದಡಿ ಉದ್ದದ ಚಾಕು, ಜಿಂಕೆ ಸುಲಿಯುವ ಕತ್ತಿ, ಮಾಂಸದಂಗಡಿಯ ಮಚ್ಚು, ಇವೆಲ್ಲ ಯಥಾಪ್ರಕಾರ ಊರೂರು ಸುತ್ತಿದವು. ಅಪರಾಧ ಅಲಗಿನಲ್ಲಿಲ್ಲ, ಸ್ಪ್ರಿಂಗಿನಲ್ಲಿದೆ ಎಂದು ಸಂಸತ್ತು ತೀರ್ಮಾನಿಸಿತ್ತು.

ಆ ಕಾನೂನಿನಲ್ಲಿ ವಿನಾಯಿತಿಯೂ ಇದೆ. ಸೇನೆಗೆ ಒಂದು. ಇನ್ನೊಂದು, ಒಂದೇ ತೋಳಿರುವ ವ್ಯಕ್ತಿಗೆ: ಅವನು 3 ಇಂಚು ಮೀರದ ಅಲಗಿನ ಬಟನ್ ಚಾಕುವನ್ನು ಮೈಮೇಲಿಟ್ಟುಕೊಂಡು ಓಡಾಡಬಹುದು. ಇಡೀ ಕಾನೂನಿನಲ್ಲಿ ವಿವೇಕದ ಮಾತು ಇದೊಂದೇ ಇರಬೇಕು. ಒಂದು ಕೈಯಲ್ಲಿ ಚಾಕು ತೆರೆಯುವ ನಿಜವಾದ ಅಗತ್ಯ ಯಾರಿಗಿದೆ ಎಂದು ಯೋಚಿಸಿದವರು ಯಾರೋ ಒಬ್ಬರು ಅಲ್ಲಿದ್ದರು. ನಮ್ಮ ಕಥಾನಾಯಕನ ಕಡೆಯ ವಕೀಲರಿಗೂ ಇಲ್ಲಿ ಅವಕಾಶವಿದೆ. ಬಲೆಗೆ ಒಂದು ಕೈ ಸಿಕ್ಕಿಸಿಕೊಂಡ ಮುಳುಗುಗಾರನನ್ನು ಆ ಹೊತ್ತಿಗೆ, ಆ ಮಟ್ಟಿಗೆ, ಒಂಟಿ ತೋಳಿನವನೆಂದು ಪರಿಗಣಿಸಬಹುದೇ? ಕಚ್ಚಿದ ಶಾರ್ಕ್ ಬಿಡದೇ ಹೋದರಂತೂ ವಾದಕ್ಕೆ ತುಂಬಾ ಬಲ ಬರುತ್ತದೆ.

ನ್ಯೂಯಾರ್ಕಿನದು ಇನ್ನೂ ಚಂದ. ಅಲ್ಲಿ ಬಟನ್ ಚಾಕು ಇಟ್ಟುಕೊಳ್ಳುವುದು ಅಪರಾಧ. ಆದರೆ ಪರವಾನಗಿ ಇರುವವನು ಬೇಟೆಗೋ ಮೀನು ಹಿಡಿಯಲೋ ಹೋಗುವಾಗ ಬಳಸಲು ಇಟ್ಟುಕೊಂಡರೆ ಅಪರಾಧವಲ್ಲ. ರಸ್ತೆಯಲ್ಲಿ ಪುಂಡನ ಕೈಯಲ್ಲಿದ್ದರೆ ಸಮಾಜಘಾತುಕ, ಗಾಳದ ಕೋಲಿನ ಪಕ್ಕದಲ್ಲಿದ್ದರೆ ಸಲಕರಣೆ. ನೀರಿನ ಹತ್ತಿರ ಹೋದಂತೆ ಚಾಕುವಿನ ಪಾಪ ತೊಳೆದುಹೋಗುತ್ತದೆ ಎಂದು ಆ ರಾಜ್ಯ ನಂಬಿದಂತಿದೆ. ಅಂಚೆ ಇಲಾಖೆಗೆ ಮಾತ್ರ ಇಂಥ ದಾಕ್ಷಿಣ್ಯವಿಲ್ಲ. ಸಮುದ್ರದಡಿಯಲ್ಲಿ ತೆರೆದು ತೋರಿಸಿದ ಚಾಕುವೇ ಆದರೂ ಸಾಮಾನ್ಯ ನಾಗರಿಕ ಅದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ.

ಈಗ ಗಾಳಿ ಬದಲಾಗಿದೆ. 2010ರಲ್ಲಿ ನ್ಯೂ ಹ್ಯಾಂಪ್‌ಷೈರ್ ತನ್ನ ನಿಷೇಧವನ್ನು ಕಿತ್ತುಹಾಕಿತು, 2013ರಲ್ಲಿ ಟೆಕ್ಸಸ್, ಆಮೇಲೆ ಒಂದರ ಹಿಂದೆ ಒಂದು. 2024ರಲ್ಲಿ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ, ಶಸ್ತ್ರ ಹೊಂದುವ ಹಕ್ಕು ಕೊಟ್ಟ ಸಂವಿಧಾನದ ಎರಡನೇ ತಿದ್ದುಪಡಿ ಬಟನ್ ಚಾಕುವಿಗೂ ಸಲ್ಲುತ್ತದೆ ಎಂದಿತು. ಪ್ರೇಮಿಗಳು ಸಂಭ್ರಮಿಸಿದರು. ಆದರೆ ಹಕ್ಕು ಸಿಕ್ಕಿದ ಮೇಲೆ ಒಂದು ಫಜೀತಿ ಶುರು. ನಿಷೇಧವಿದ್ದಾಗ ಚಾಕುವಿಗೆ ಕಾರಣ ಬೇಕಿರಲಿಲ್ಲ, ನಿಷೇಧವೇ ಕಾರಣವಾಗಿತ್ತು. ಈಗ ಮನೆಯಲ್ಲಿ ‘ಇದು ಯಾತಕ್ಕೆ?’ ಎಂದು ಕೇಳುತ್ತಾರೆ. ಬಂದ ಪಾರ್ಸೆಲ್ ಬಿಚ್ಚುವುದಕ್ಕೆ ಎಂದು ಎಷ್ಟು ಸಲ ಹೇಳುವುದು? ಅದಕ್ಕೇ ಶಾರ್ಕ್ ಬೇಕಾಯಿತು.

ನಗುವವರು ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬಹುದು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಬಟನ್‌ದಾರ್, ಗರಾರಿದಾರ್ ಚಾಕುಗಳನ್ನು ಹೆಸರು ಹಿಡಿದು ಶಸ್ತ್ರಾಸ್ತ್ರ ಕಾಯ್ದೆಯ ಹಿಡಿತಕ್ಕೆ ತಂದಿತು. ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಕೇಸು. ಪೇದೆಯ ಜೇಬಿನಲ್ಲಿ ಸ್ಕೇಲು ಇರಲೇಬೇಕು. ಇತ್ತ ಉತ್ತರ ಪ್ರದೇಶದ ರಾಮಪುರ, ಯಾವ ಚಾಕುವಿನಿಂದ ಅದರ ಹೆಸರು ಕೆಟ್ಟಿತ್ತೋ ಅದೇ ಚಾಕುವಿನ 6 ಮೀಟರ್ ದಾಟಿದ ಪ್ರತಿಮೆಯನ್ನು 2023ರಲ್ಲಿ ವೃತ್ತದಲ್ಲಿ ನಿಲ್ಲಿಸಿ ಸೆಲ್ಫಿಗೆ ಜಾಗ ಮಾಡಿಕೊಟ್ಟಿತು. ಹಳೆಯ ಕನ್ನಡ ಸಿನಿಮಾದ ಖಳನೂ ಹಾಗೇ. ಅವನ ಬಟನ್ ಚಾಕುವಿನ ‘ಟಕ್’ ಸದ್ದಿಗೇ ನಾಯಕಿ ಕಿರುಚಬೇಕು, ಅಲಗು ಯಾರಿಗೂ ತಾಕಬೇಕಿರಲಿಲ್ಲ. ಆದರೆ ನ್ಯಾಯವಾಗಿ ಹೇಳಬೇಕು, ಅವನು ಅದನ್ನು ಬಚ್ಚಲ ಹಂಡೆಯಲ್ಲಿ ಮುಳುಗಿಸಿ ಪರೀಕ್ಷಿಸಲಿಲ್ಲ.

ಅಮೆರಿಕದಲ್ಲಿ, 1958ರಲ್ಲೇ, ಇನ್ನೊಂದು ಸಂಗತಿ ನಡೆಯಿತು. ಸ್ಪ್ರಿಂಗಿಗೆ ಬೆದರಿ ಕಾನೂನು ಬರೆಯುತ್ತಿದ್ದ ಅದೇ ವರ್ಷ ಅದೇ ದೇಶದ ಟಿವಿಯಲ್ಲಿ ‘ಸೀ ಹಂಟ್’ ಧಾರಾವಾಹಿ ಶುರುವಾಯಿತು. ಲಾಯ್ಡ್ ಬ್ರಿಡ್ಜಸ್ ನೀರಿನಡಿಯ ನಾಯಕ. ಅದರಲ್ಲಿ ಚಾಕುವಿನ ಮುಖ್ಯ ಉದ್ಯೋಗ ಎದುರಾಳಿಯ ಗಾಳಿ ಕೊಳವೆ ಕೊಯ್ಯುವುದು. 1965ರ ‘ಥಂಡರ್‌ಬಾಲ್’ನಲ್ಲಿ ಜೇಮ್ಸ್ ಬಾಂಡ್ ಬಂದು ಬಹಾಮಾಸ್‌ನ ಕಡಲಡಿಯಲ್ಲಿ ಒಂದು ದೊಡ್ಡ ದಂಡಿನೊಂದಿಗೆ ಕಾದಾಡಿ ಹೋದ. ದಡದ ಮೇಲಿನ ಸಿನಿಮಾ ಶಾಸಕರಿಗೆ ಭಯ ಕೊಟ್ಟಿತು, ನೀರೊಳಗಿನ ಸಿನಿಮಾ ಗಂಡಸರಿಗೆ ಕನಸು ಕೊಟ್ಟಿತು. ಶಾಸಕನೂ ಚಾಕುಪ್ರೇಮಿಯೂ ಪರಸ್ಪರ ಶತ್ರುಗಳೆಂದು ತಿಳಿದಿದ್ದಾರೆ. ಇಬ್ಬರೂ ಒಂದೇ ಟಾಕೀಸಿನಲ್ಲಿ ಕೂತವರು. ಇಬ್ಬರಿಗೂ ಚಾಕುವಿನಲ್ಲಿ ಕಾಣುವುದು ಸ್ಪ್ರಿಂಗು ಮಾತ್ರ.

ಹಾಗಾದರೆ ದಿನಾ ನೀರಿಗಿಳಿಯುವವರು ಏನು ಒಯ್ಯುತ್ತಾರೆ? ಇಲ್ಲಿ ಕಥೆ ತೀರಾ ನೀರಸವಾಗುತ್ತದೆ, ಮುಂಚೆಯೇ ಕ್ಷಮೆ ಇರಲಿ. ಮುಳುಗುಗಾರನ ನಿಜವಾದ ಶತ್ರು ಶಾರ್ಕ್ ಅಲ್ಲ, ಗೂಢಚಾರನೂ ಅಲ್ಲ. ಯಾರೋ ಕಡಿದು ಬಿಟ್ಟುಹೋದ ಗಾಳದ ನೈಲಾನ್ ದಾರ, ಹರಿದು ತಳ ಸೇರಿದ ಮೀನಿನ ಬಲೆ. ಕಣ್ಣಿಗೆ ಕಾಣದೆ ಕಾಲಿಗೆ, ಸಿಲಿಂಡರಿನ ಕುತ್ತಿಗೆಗೆ ಸುತ್ತಿಕೊಳ್ಳುವ ಇವುಗಳಿಗೆ ಬೇಕಾದದ್ದು ಸಮಾಧಾನದಿಂದ ಕತ್ತರಿಸುವ ಸಾಧನ. ಅನೇಕರು ಮೊಂಡು ತುದಿಯ, ಮಡಚದ, ಸಣ್ಣ ಚಾಕುವನ್ನು ಎರಡೂ ಕೈಗೆ ಎಟುಕುವ ಕಡೆ ಕಟ್ಟಿಕೊಳ್ಳುತ್ತಾರೆ. ತುದಿ ಮೊಂಡು ಯಾಕೆಂದರೆ ಗಾಬರಿಯಲ್ಲಿ ತಿವಿತ ಬೀಳುವುದು ತನಗೇ, ಇಲ್ಲವೇ ಗಾಳಿ ತುಂಬಿದ ತನ್ನದೇ ಜಾಕೆಟ್ಟಿಗೆ. ಇನ್ನು ಕೆಲವರು ಅದನ್ನೂ ಬಿಟ್ಟು ಆಂಬುಲೆನ್ಸಿನವರು ಗಾಯಾಳುವಿನ ಬಟ್ಟೆ ಕತ್ತರಿಸಲು ಬಳಸುವ ಅಗ್ಗದ ಕತ್ತರಿ ಒಯ್ಯುತ್ತಾರೆ. ಕತ್ತರಿ! ಇದಕ್ಕಿಂತ ಅವಮಾನ ಬೇರೆ ಬೇಕೇ? ಮೆಕ್ಸಿಕೋದ ಕೊಜುಮೆಲ್ ಸಾಗರ ಉದ್ಯಾನದಲ್ಲಂತೂ ಪ್ರವಾಸಿ ಮುಳುಗುಗಾರರು ಚಾಕು ತರುವುದಕ್ಕೇ ನಿಷೇಧ. ಅಲ್ಲಿ ರಕ್ಷಣೆ ಬೇಕಿರುವುದು ಹವಳಕ್ಕೆ, ಮನುಷ್ಯನಿಂದ.

ಸೇನೆಯನ್ನು ಕೇಳೋಣವೆಂದರೆ ಅಲ್ಲೂ ನಿರಾಸೆ. ಅಮೆರಿಕದ ನೌಕಾಪಡೆ ತನ್ನ ಈಜು ಯೋಧರಿಗೆ ಕೊಟ್ಟ ‘ಮಾರ್ಕ್ 3’ ಮಡಚದ ಚಾಕು, ಸ್ಪ್ರಿಂಗಿನ ಸುಳಿವಿಲ್ಲ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಯೋಧರಿಗೆ ಎಂ-2 ಎಂಬ ಬಟನ್ ಚಾಕು ಕೊಟ್ಟಿದ್ದುಂಟು. ಮರಕ್ಕೆ ಸಿಕ್ಕಿ ನೇತಾಡುವವನಿಗೆ ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ಹುರಿ ಕತ್ತರಿಸಲು ಅದು ಬೇಕಿತ್ತು. ಮುಂದೆ ವಾಯುಪಡೆಯ ವಿಮಾನ ಸಿಬ್ಬಂದಿಗೆ ಬಂದ ಕಿತ್ತಳೆ ಹಿಡಿಯ ಎಂಸಿ-1ರಲ್ಲಿ ಎರಡು ಅಲಗು. ಒಂದಕ್ಕೆ ಗುಂಡಿ, ಸ್ಪ್ರಿಂಗು ಎಲ್ಲ ಉಂಟು. ಇನ್ನೊಂದು ಕೊಕ್ಕೆಯ ಆಕಾರದ್ದು, ಸ್ಪ್ರಿಂಗಿಲ್ಲದ್ದು. ಪ್ಯಾರಾಚೂಟಿನ ಹುರಿ ಸುತ್ತಿಕೊಂಡಾಗ ಕತ್ತರಿಸಲೆಂದು ಇಟ್ಟದ್ದು ಆ ಕೊಕ್ಕೆಯನ್ನು.

ಇಷ್ಟಾದರೂ ಒಂದು ಪರೀಕ್ಷೆ ಬಾಕಿಯಿದೆ. ಅದನ್ನು ಯಾರೂ ಮಾಡುವುದಿಲ್ಲ, ಯಾಕೆಂದರೆ ಅದರಲ್ಲಿ ನೋಡಲು ಏನೂ ಇಲ್ಲ. ಚಾಕುವನ್ನು ಸಮುದ್ರದಲ್ಲಿ ಅದ್ದಿ, ತೊಳೆಯದೆ, ಎಣ್ಣೆ ಬಿಡದೆ, ಒದ್ದೆ ಚೀಲದಲ್ಲಿ ಒಂದು ತಿಂಗಳು ಮರೆತು, ಆಮೇಲೆ ಗುಂಡಿ ಒತ್ತುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಿಯಮಕ್ಕೆ ಉಕ್ಕೂ ಹೊರತಲ್ಲ. ಹೆಸರುವಾಸಿ ಡಿ2 ಉಕ್ಕಿನಲ್ಲಿ ಸುಮಾರು ಶೇಕಡಾ 12ರಷ್ಟು ಕ್ರೋಮಿಯಂ ಇದ್ದರೂ ಅದರ ಗಣನೀಯ ಪಾಲು ಇಂಗಾಲದೊಂದಿಗೆ ಸೇರಿ ಗಟ್ಟಿ ಕಣಗಳಾಗಿ ಕೂತಿರುವುದರಿಂದ ತುಕ್ಕಿನಿಂದ ಕಾಯಲು ಉಳಿಯುವುದು ಕಡಿಮೆ. ಇಂಗಾಲಕ್ಕೆ ಬದಲು ಸಾರಜನಕ ಬೆರೆಸಿದ ಉಕ್ಕುಗಳು ಉಪ್ಪುನೀರನ್ನು ಚೆನ್ನಾಗಿ ತಾಳುತ್ತವೆ. ಅಂಥ ಉಕ್ಕುಗಳನ್ನೂ ಬಳಸಿ ಸ್ಪೈಡರ್ಕೋ ಕಂಪನಿ ‘ಸಾಲ್ಟ್’ ಎಂಬ ಸಾಲನ್ನೇ ತಯಾರಿಸುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಅಲಗಿನ ತೂತಿಗೆ ಹೆಬ್ಬೆರಳು ಸಿಕ್ಕಿಸಿ ತೆರೆಯುವಂಥವು. ‘ಖಟಕ್’ ಇಲ್ಲ. ‘ಖಟಕ್’ ಇಲ್ಲದ ಚಾಕುವನ್ನು ತೊಟ್ಟಿಯಲ್ಲಿ ಮುಳುಗಿಸಿ ಯಾರಿಗೆ ತೋರಿಸುವುದು?

ಹೀಗೆ, ಸಮುದ್ರಸ್ನಾನ ಮುಗಿಸಿದ ಬಟನ್ ಚಾಕು ಪೆಟ್ಟಿಗೆಯೊಳಗೆ ಉಪ್ಪನ್ನೂ ಮರಳನ್ನೂ ಉಳಿಸಿಕೊಂಡು ಮನೆಗೆ ಬರುತ್ತದೆ. ಕೆಲವು ವಾರಗಳ ನಂತರ ಬೈಠಕ್‌ಖಾನೆಯ ಒಣ ಗಾಳಿಯಲ್ಲೇ ಅರ್ಧಕ್ಕೆ ನಿಲ್ಲತೊಡಗುತ್ತದೆ. ಬಿಚ್ಚಿ ತೊಳೆಯೋಣವೆಂದರೆ ಬಿಚ್ಚಿದರೆ ವಾರಂಟಿ ಇಲ್ಲ ಎಂದು ಜೊತೆಯಲ್ಲಿ ಬಂದ ಚೀಟಿ ಹೇಳುತ್ತದೆ. ಕಂಪನಿಗೆ ಕಳಿಸೋಣವೆಂದರೆ ಅಂಚೆಯವರು ಮುಟ್ಟುವುದಿಲ್ಲ. ಕೊನೆಗೆ ಖಾಸಗಿ ಕೊರಿಯರ್ ಹುಡುಕಿ, ‘ಸಾಮಾನ್ಯ ಬಳಕೆಯಲ್ಲಿ ಕೆಟ್ಟಿದೆ’ ಎಂದು ಗಂಭೀರವಾಗಿ ಒಂದು ಪತ್ರ ಬರೆದು, ಚಾಕುವನ್ನು ರಟ್ಟಿನ ಡಬ್ಬದಲ್ಲಿ ಮಲಗಿಸಿ, ಸುತ್ತ ಟೇಪು ಸುತ್ತುತ್ತಾನೆ. ಟೇಪು ಕತ್ತರಿಸಲು ಕೈ ಜೇಬಿಗೆ ಹೋಗುತ್ತದೆ. ಜೇಬು ಖಾಲಿ. ಮನೆಯ ಕತ್ತರಿ ಎಲ್ಲಿದೆ ಎಂದು ಕೇಳಲು ಮರ್ಯಾದೆ ಬಿಡುವುದಿಲ್ಲ. ಕಮಾಂಡೋ ಅತ್ತಿತ್ತ ನೋಡಿ, ಬಗ್ಗಿ, ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ.